ನೆಲ ಕಟ್ಟಿ ಆಡಿದಾಕೆ

ಅತಿತಾ ವರ್ಗೀಸ್ ಎಂಬ ಹೆಸರು ನಮ್ಮ ವಾಚಕರಲ್ಲಿ ಅನೇಕರಿಗೆ ಪರಿಚಿತವಿರಲಾರದು. ಬೆಂಗಳೂರಿನವರಾದ ಈಕೆ ಸ್ಕೇಟ್‌ಬೋರ್ಡ್ ಎಂಬ ಆಟವನ್ನು ವೃತ್ತಿಯಾಗಿ ಕೈಕೊಂಡ ಭಾರತದ ಮೊದಲ ಮಹಿಳೆಯೆಂದು ಹೆಸರಾದವರು. ಕ್ರಿಕೆಟ್ಟಿನಿಂದಲೇ ತುಂಬಿಹೋಗುವ ಕ್ರೀಡಾಪುಟಗಳಲ್ಲಿ ಇಂಥವರಿಗೆ ದೊರೆಯುವ ಸ್ಥಳ ತೀರ ಕಡಿಮೆ; ಸಾಹಿತ್ಯದ ಪುಟದಲ್ಲಿ ಇವರ ಮಾತೇಕೆ ಎಂದು ಕೇಳುವವರೂ ಇದ್ದಾರು. ಗೊರೇಬಾಳದಂಥ ಭತ್ತದ ಸೀಮೆಯ ಊರಿನಲ್ಲಿದ್ದು ಕನ್ನಡ ಪಾಠ ಹೇಳುವ ನನಗೆ ಈಕೆಯ ಕಥೆ ಮುಖ್ಯವೆಂದು ತೋರಿದ್ದಕ್ಕೆ ಕಾರಣ ಬೇರೆಯೇ ಇದೆ. ಆಡುವುದಕ್ಕೆ ನೆಲವೇ ಇಲ್ಲದ ದೇಶದಲ್ಲಿ ಮೊದಲು ನೆಲ ಕಟ್ಟುವವರ ಜೊತೆ ಸೇರಿ, ಆ ಮೇಲೆ ಅದರ ಮೇಲಕ್ಕೆ ಇತರ ಹುಡುಗಿಯರನ್ನು ಕರೆದು ನಿಲ್ಲಿಸಿದವರು ಅವರು. ಕನ್ನಡದ ಕಿವಿಗೆ ಅವರ ಹೆಸರು ಬಿದ್ದೊಡನೆ 'ಅತೀತ' ಎಂಬ ಶಬ್ದ ನೆನಪಾಗುತ್ತದೆ. ಹೆಸರಿನ ವ್ಯುತ್ಪತ್ತಿ ಏನೇ ಇರಲಿ, ಎಲ್ಲೆಯನ್ನು ದಾಟುವುದೆಂಬ ಅರ್ಥ ಅವರ ಮಟ್ಟಿಗೆ ಸಲ್ಲುವಂಥದೇ.

ಮೊದಲು ಆಟದ ಸಾಧನದ ವಿಚಾರ. ನಮ್ಮ ಊರುಗಳಲ್ಲಿ ಹುಡುಗರು ಬೇರಿಂಗ್ ಗಾಡಿ ಮಾಡಿಕೊಂಡು ಆಡುವುದನ್ನು ಎಲ್ಲರೂ ಕಂಡಿದ್ದಾರೆ. ಗ್ಯಾರೇಜಿನವರು ಬಿಸುಟ ಹಳೆಯ ಬೇರಿಂಗುಗಳನ್ನು ಹೇಗೋ ಸಂಪಾದಿಸಿ, ಒಂದು ಹಲಗೆಗೆ ಅಡ್ಡಪಟ್ಟಿ ಬಡಿದು, ಅದರ ಎರಡು ತುದಿಗೆ ಅವನ್ನು ಸಿಕ್ಕಿಸಿ, ಇಳಿಜಾರು ಕಂಡಲ್ಲಿ ಅದರ ಮೇಲೆ ಕುಳಿತು ಕರಕರ ಸದ್ದು ಮಾಡುತ್ತ ಇಳಿಯುತ್ತಾರೆ. ಹಿಂದಿನಿಂದ ಒಬ್ಬ ತಳ್ಳುತ್ತಾನೆ. ಮುಂದೆ ಕುಳಿತವನಿಗೆ ರಾಜನ ಗತ್ತು. ಸ್ಕೇಟ್‌ಬೋರ್ಡು ಈ ಬೇರಿಂಗ್ ಗಾಡಿಯ ದೂರದ ದಾಯಾದಿ. ಮೇಪಲ್ ಮರದ ಏಳು ತೆಳುಪದರಗಳನ್ನು ಅಂಟಿಸಿ, ಒತ್ತಿ, ಎರಡೂ ತುದಿಗಳನ್ನು ತುಸು ಮೇಲಕ್ಕೆ ಬಗ್ಗಿಸಿ ಮಾಡಿದ ಹಲಗೆ. ಉದ್ದ ಎರಡೂವರೆ ಅಡಿಗಿಂತ ತುಸು ಹೆಚ್ಚು, ಅಗಲ ಒಂದು ಗೇಣು. ಮೇಲ್ಭಾಗಕ್ಕೆ ಕಾಲು ಜಾರದಿರಲೆಂದು ಉಸುಕಿನ ಕಾಗದದಂಥ ಹಾಳೆ ಅಂಟಿಸಿರುತ್ತಾರೆ. ಕೆಳಗೆ ಎರಡು ಲೋಹದ ಅಚ್ಚು, ನಾಲ್ಕು ಗಾಲಿ, ಗಾಲಿಗೆ ಎರಡರಂತೆ ಎಂಟು ಬೇರಿಂಗು. ಈ ಬೇರಿಂಗಿನ ಹೊರವ್ಯಾಸ ೨೨ ಮಿಲಿಮೀಟರು, ಒಳರಂಧ್ರ ೮ ಮಿಲಿಮೀಟರು. ಸಣ್ಣಪುಟ್ಟ ಯಂತ್ರಗಳಲ್ಲಿ ಎಲ್ಲೆಲ್ಲೂ ಬಳಕೆಯಲ್ಲಿರುವ ಅಳತೆಯೇ ಅದು. ಸಾಮಗ್ರಿ ಇಷ್ಟೆ. ಇದಕ್ಕೆ ಕನ್ನಡದಲ್ಲಿ 'ಗಾಲಿಹಲಗೆ' ಎನ್ನಬಹುದೆಂದು ನನಗೆ ತೋರುತ್ತದೆ. ಪಂಡಿತರು 'ಚಕ್ರಫಲಕ' ಎಂದು ಸಮಾಸ ಮಾಡಿ ಆಟದ ಜೀವ ತೆಗೆಯುವ ಮೊದಲೇ ಈ ಮಾತು ಬಳಕೆಗೆ ಬಂದರೆ ಒಳ್ಳೆಯದು.

ಗಾಲಿಹಲಗೆ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾ ಕಡಲತೀರದಲ್ಲಿ, ೧೯೫೦ರ ದಶಕದ ಸುಮಾರಿಗೆ. ಸಮುದ್ರದ ಅಲೆಗಳ ಮೇಲೆ ಹಲಗೆಯಲ್ಲಿ ನಿಂತು ತೇಲುವ ತರುಣರು, ಅಲೆ ಏಳದ ದಿನ ಹೊತ್ತು ಹೋಗದೆ, ಹಲಗೆಗೆ ಗಾಲಿ ಹಚ್ಚಿ ರಸ್ತೆಗಿಳಿದರು. ಕಡಲಿಲ್ಲದಾಗ ಕಡಲನ್ನು ನೆನೆದು ಆಡಿದ ಆಟವಿದು. ಹತ್ತು ವರ್ಷದಲ್ಲಿ ಅದು ಮಕ್ಕಳ ಹುಚ್ಚಾಯಿತು. ಪಂದ್ಯಗಳು ನಡೆದವು, ಕಂಪನಿಗಳು ಹುಟ್ಟಿದವು. ಈ ಮೊದಲ ಉಬ್ಬರದ ಕಾಲದಲ್ಲಿಯೇ ಒಬ್ಬ ಹುಡುಗಿ ಮುಂದೆ ಬಂದಳೆಂಬುದು ಗಮನಿಸತಕ್ಕ ಸಂಗತಿ. ಪ್ಯಾಟಿ ಮೆಕ್‌ಗೀ ಆಕೆಯ ಹೆಸರು. ೧೯೬೪ರಲ್ಲಿ ಸಾಂಟಾ ಮೋನಿಕಾದಲ್ಲಿ ನಡೆದ ರಾಷ್ಟ್ರೀಯ ಪಂದ್ಯದಲ್ಲಿ ಹೆಂಗಸರ ಪ್ರಶಸ್ತಿ ಆಕೆಗೆ ಬಂತು. ಹಲಗೆ ತಯಾರಿಸುವ ಕಂಪನಿಯೊಂದು ಆಕೆಯನ್ನು ಸಂಬಳ ಕೊಟ್ಟು ಊರೂರಿಗೆ ಕಳಿಸಿ ಆಟದ ಪ್ರದರ್ಶನ ಮಾಡಿಸಿತು. ೧೯೬೫ರ ಮೇ ತಿಂಗಳಲ್ಲಿ 'ಲೈಫ್' ಪತ್ರಿಕೆಯ ಮುಖಪುಟದಲ್ಲಿ ಆಕೆಯ ಚಿತ್ರ ಪ್ರಕಟವಾಯಿತು: ಓಡುವ ಹಲಗೆಯ ಮೇಲೆ ಎರಡು ಕೈ ಊರಿ, ಬರಿಗಾಲುಗಳನ್ನು ಆಕಾಶಕ್ಕೆ ಚಾಚಿ ತಲೆಕೆಳಗಾಗಿ ನಿಂತ ಹತ್ತೊಂಬತ್ತರ ಹುಡುಗಿ. ೨೦೧೦ರಲ್ಲಿ ಈ ಆಟದ ಕೀರ್ತಿಶಾಲೆಯಲ್ಲಿ ಸ್ಥಾನ ಪಡೆದ ಮೊದಲ ಮಹಿಳೆ ಆಕೆಯೇ. ೨೦೨೪ರ ಅಕ್ಟೋಬರಿನಲ್ಲಿ ತೀರಿಕೊಂಡಳು.

ಆದರೆ ಆ ಮುಖಪುಟ ಬಂದ ವರ್ಷವೇ ಆಟಕ್ಕೆ ಗ್ರಹಣ ಹಿಡಿಯಿತು. ಆಗಿನ ಗಾಲಿಗಳು ಜೇಡಿಮಣ್ಣನ್ನು ಒತ್ತಿ ಮಾಡಿದವು. ಒಂದು ಹರಳು ಅಡ್ಡ ಬಂದರೆ ಗಾಲಿ ನಿಲ್ಲುತ್ತಿತ್ತು, ಆಡುವವನು ನಿಲ್ಲುತ್ತಿರಲಿಲ್ಲ. ಮಕ್ಕಳ ಕೈಕಾಲು ಮುರಿದವು, ವೈದ್ಯರು ಎಚ್ಚರಿಸಿದರು, ಅನೇಕ ನಗರಗಳು ಆಟವನ್ನೇ ನಿಷೇಧಿಸಿದವು. ಮುಂದೆ ನಾರ್ವೆ ದೇಶವಂತೂ ೧೯೭೮ರಿಂದ ೧೯೮೯ರ ವರೆಗೆ ಗಾಲಿಹಲಗೆಯನ್ನು ಕಾಯಿದೆಯಿಂದಲೇ ಬಹಿಷ್ಕರಿಸಿತ್ತು! ಸತ್ತಂತಿದ್ದ ಆಟವನ್ನು ಎಬ್ಬಿಸಿದ್ದು ಒಂದು ಸಾಮಾನ್ಯ ವಸ್ತು. ೧೯೭೩ರ ಸುಮಾರಿಗೆ ಫ್ರಾಂಕ್ ನ್ಯಾಸ್‌ವರ್ದಿ ಎಂಬ ತರುಣ ಯುರೆಥೇನ್ ಎಂಬ ರಬ್ಬರಿನಂಥ ಪದಾರ್ಥದ ಗಾಲಿಗಳನ್ನು ಮಾರಾಟಕ್ಕೆ ತಂದ. ಅವು ನೆಲವನ್ನು ಕಚ್ಚಿ ಹಿಡಿಯುತ್ತಿದ್ದವು, ಹರಳಿಗೆ ಹೆದರುತ್ತಿರಲಿಲ್ಲ. ಅದಾದ ಮೂರು ನಾಲ್ಕು ವರ್ಷಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಬರ ಬಿತ್ತು. ಶ್ರೀಮಂತರ ಹಿತ್ತಿಲಿನ ಈಜುಕೊಳಗಳು ಬತ್ತಿ ಬರಿದಾದವು. ಬಡಕೇರಿಯ ಹುಡುಗರು ಗೋಡೆ ಹಾರಿ ಆ ಖಾಲಿ ಕೊಳಗಳ ಬಾಗುಗೋಡೆಗಳ ಮೇಲೆ ಹಲಗೆ ಓಡಿಸಿದರು. ಇಂದು ಜಗತ್ತಿನಾದ್ಯಂತ ಈ ಆಟಕ್ಕೆಂದು ಕಟ್ಟುವ ಕಾಂಕ್ರೀಟಿನ ಬೋಗುಣಿಗಳೆಲ್ಲ ಆ ಬತ್ತಿದ ಕೊಳಗಳ ಪಡಿಯಚ್ಚುಗಳೇ. ಬರಗಾಲವನ್ನು ಬಲ್ಲ ರಾಯಚೂರು ಸೀಮೆಯವರಿಗೆ, ಬರದಿಂದಲೂ ಒಂದು ಆಟ ಹುಟ್ಟಬಹುದೆಂಬ ಸಂಗತಿ ವಿಚಿತ್ರವೆನಿಸೀತು.

ಈ ಆಟದ ವರಸೆಗಳ ಹೆಸರಿನಲ್ಲಿ ಸಾಹಿತ್ಯದವರಿಗೆ ರುಚಿಸುವ ಒಂದು ಅಂಶವಿದೆ. ವಚನಕಾರರು ವಚನದ ಕೊನೆಗೆ ತಮ್ಮ ಅಂಕಿತವಿಡುವಂತೆ ಇಲ್ಲಿ ವರಸೆಗೆ ಅದನ್ನು ಕಂಡುಹಿಡಿದವನ ಹೆಸರು ಅಂಟಿಕೊಳ್ಳುತ್ತದೆ. ೧೯೭೦ರ ದಶಕದ ಕೊನೆಯಲ್ಲಿ ಫ್ಲಾರಿಡಾದ ಅಲನ್ ಗೆಲ್ಫಾಂಡ್ ಎಂಬ ಹುಡುಗ ಬಾಗುಗೋಡೆಯ ಅಂಚಿನಲ್ಲಿ, ಕೈಯಿಂದ ಹಲಗೆಯನ್ನು ಮುಟ್ಟದೆ, ಹಲಗೆಯ ಸಮೇತ ಗಾಳಿಗೆ ನೆಗೆದ. ಗೆಳೆಯರು ಅವನನ್ನು ಕರೆಯುತ್ತಿದ್ದ ಅಡ್ಡಹೆಸರು 'ಆಲಿ'. ವರಸೆಗೂ ಅದೇ ಹೆಸರಾಯಿತು. (ನಮ್ಮಲ್ಲಿ ಆಲಿ ಎಂದರೆ ಕಣ್ಣುಗುಡ್ಡೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.) ಅದೇ ಫ್ಲಾರಿಡಾದ ರಾಡ್ನಿ ಮುಲ್ಲನ್ ೧೯೮೨ರಲ್ಲಿ ಅದನ್ನು ಸಮತಟ್ಟಾದ ನೆಲದ ಮೇಲೆ ಮಾಡಿ ತೋರಿಸಿದ. ಆ ಮೇಲೆ ನೆಗೆತದಲ್ಲಿಯೇ ಹಲಗೆಯನ್ನು ಕಾಲ ಬೆರಳಿನಿಂದ ಮಗುಚಿ ಮತ್ತೆ ಅದರ ಮೇಲೆ ಇಳಿಯುವ ಹತ್ತಾರು ವರಸೆಗಳನ್ನು ಸೃಷ್ಟಿಸಿದ. ಇಂದಿನ ಬೀದಿಯಾಟವೆಲ್ಲ ಅವನ ವ್ಯಾಕರಣದ ಮೇಲೆ ನಿಂತಿದೆ ಎನ್ನಬಹುದು. ವಿನೋದವೇನೆಂದರೆ ಅವನ ಮುಖ್ಯ ವರಸೆಗಳಿಗೆ ಅವನ ಹೆಸರಿಲ್ಲ. ಅಂಕಿತವಿಲ್ಲದ ಪದಗಳೇ ಜನಪದದಲ್ಲಿ ಹೆಚ್ಚು ಕಾಲ ಉಳಿಯುವಂತೆ ಅವೂ ಉಳಿದಿವೆ. ಮುಲ್ಲನ್ನನ ತಂದೆಗೆ ಈ ಆಟ ಹಿಡಿಸುತ್ತಿರಲಿಲ್ಲ. ಮೊದಲ ದೊಡ್ಡ ಗಾಯವಾದೊಡನೆ ಬಿಟ್ಟುಬಿಡಬೇಕೆಂಬ ಕರಾರಿನ ಮೇಲೆ ಹಲಗೆ ಕೊಡಿಸಿದ್ದ. ಹುಡುಗ ತಮ್ಮ ಹೊಲದ ಮನೆಯ ವಾಹನ ನಿಲ್ಲಿಸುವ ಕೊಠಡಿಯ ಸಿಮೆಂಟು ನೆಲದ ಮೇಲೆ ಒಬ್ಬನೇ ಗಂಟೆಗಟ್ಟಲೆ ಅಭ್ಯಾಸ ಮಾಡಿದ. ಬೀದಿಯಾಟದ ವ್ಯಾಕರಣ ಹುಟ್ಟಿದ್ದು ಹಳ್ಳಿಗಾಡಿನ ಒಂದು ಅಂಗೈಯಗಲದ ನೆಲದ ಮೇಲೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

'ಆಲಿ'ಯನ್ನು ನೋಡಿದವರಿಗೆ ಹಲಗೆಯನ್ನು ಕಾಲಿಗೆ ಕಟ್ಟಿಕೊಂಡಿದ್ದಾರೆಂದೇ ಭ್ರಮೆಯಾಗುತ್ತದೆ. ಕಟ್ಟಿರುವುದಿಲ್ಲ. ಹಿಂಗಾಲಿನಿಂದ ಹಲಗೆಯ ಬಾಲವನ್ನು ನೆಲಕ್ಕೆ ಟಪ್ಪನೆ ಬಡಿಯುವರು. ಹಿಂದಿನ ಗಾಲಿ ಆನಿಕೆಯಾಗಿ ಮೂತಿ ಮೇಲೆದ್ದು ಹಲಗೆ ನೆಟ್ಟಗೆ ನಿಲ್ಲುವುದು. ಅದೇ ಕ್ಷಣದಲ್ಲಿ ದೇಹ ಮೇಲಕ್ಕೆ ನೆಗೆಯುವುದು. ಮುಂಗಾಲು ಒರಟು ಹಾಳೆಯನ್ನು ಉಜ್ಜುತ್ತ ಮುಂದಕ್ಕೆ ಜಾರಿ ಹಲಗೆಯನ್ನು ತನ್ನೊಡನೆ ಎಳೆದೊಯ್ದು ಗಾಳಿಯಲ್ಲಿ ಸಮತಟ್ಟು ಮಾಡುವುದು. ಬಳಿಕ ನಾಲ್ಕು ಗಾಲಿಯೂ ಒಟ್ಟಿಗೆ ನೆಲಕ್ಕಿಳಿಯುವುವು. ಇಷ್ಟೆಲ್ಲ ನಡೆಯುವುದು ಒಂದು ಸೆಕೆಂಡಿನೊಳಗೆ. ಇದನ್ನು ಕಲಿಯುವುದಕ್ಕೆ ವಾರಗಳೂ ಸಾಲವು, ಅನೇಕರಿಗೆ ತಿಂಗಳುಗಳೇ ಹಿಡಿಯುತ್ತವೆ. ಆ ತಿಂಗಳುಗಳ ತುಂಬ ಬೀಳುವುದೇ ಕೆಲಸ. ಮೊಣಕಾಲು ತರಚುತ್ತದೆ, ಅಂಗೈ ಕೀಳುತ್ತದೆ, ಹಲಗೆಯ ಅಂಚು ಹಾರಿ ಬಂದು ಮೊಣಕಾಲ ಕೆಳಗಿನ ಎಲುಬಿಗೆ ಬಡಿಯುತ್ತದೆ. ಇತರ ಆಟಗಳಲ್ಲಿ ಬಿದ್ದವನನ್ನು ಸೋತವನೆಂದು ಎಣಿಸುವರು. ಇಲ್ಲಿ ಬಿದ್ದವರ ಸುತ್ತ ನಿಂತವರು ತಮ್ಮ ಹಲಗೆಗಳನ್ನು ನೆಲಕ್ಕೆ ಬಡಿದು ಸದ್ದು ಮಾಡಿ ಹುರಿದುಂಬಿಸುವುದುಂಟು. ಎದುರಾಳಿಯೂ ಇಲ್ಲ, ತಂಡವೂ ಇಲ್ಲ, ಸೀಟಿ ಊದುವವನೂ ಇಲ್ಲ. ಶಿಸ್ತು ಮಾತ್ರ ಇದೆ.

ಇಂಥ ಆಟ ಭಾರತದಲ್ಲಿ ಬಹುಕಾಲ ಬೇರೂರಲಿಲ್ಲ. ಗಾಲಿಯ ಬೂಟುಗಳ ಸ್ಕೇಟಿಂಗ್ ನಮ್ಮ ನಗರಗಳಲ್ಲಿ ಹಳೆಯದು; ಹಲಗೆ ಮಾತ್ರ ಎಲ್ಲೋ ವಿದೇಶದಿಂದ ಬಂದವರ ಮನೆಗಳಲ್ಲಿ ಮೂಲೆಗೆ ಬಿದ್ದಿರುತ್ತಿತ್ತು. ನಮ್ಮ ರಸ್ತೆಗಳನ್ನು ಬಲ್ಲವರಿಗೆ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಂಡಿ, ಜಲ್ಲಿ, ದನ, ಲಾರಿ ಇವುಗಳ ನಡುವೆ ಅಂಗೈಯಗಲದ ಗಾಲಿ ಎಲ್ಲಿ ಓಡೀತು? ೨೦೧೦ರ ದಶಕದ ಆರಂಭದಲ್ಲಿ ಬೆಂಗಳೂರಿನ ಕೆಲವು ತರುಣರು 'ಹೋಲಿಸ್ಟೋಕ್ಡ್' ಎಂಬ ಹೆಸರಿನಲ್ಲಿ ಒಂದು ಕೂಟ ಕಟ್ಟಿಕೊಂಡರು. ಅವರಿಗೆ ಬೇಗನೆ ತಿಳಿದುಹೋದ ಸಂಗತಿಯೆಂದರೆ, ಈ ದೇಶದಲ್ಲಿ ಆಡಬೇಕಾದರೆ ಮೊದಲು ಗೌಂಡಿ ಕೆಲಸ ಕಲಿಯಬೇಕೆಂಬುದು. ಹೊರದೇಶಗಳಿಂದ ಬಂದ ಸ್ವಯಂಸೇವಕರೂ ಕೈಗೂಡಿಸಿದರು. ೨೦೧೩ರಲ್ಲಿ ಲೀವೈಸ್ ಬಟ್ಟೆ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಒಂದು ಕಾಂಕ್ರೀಟಿನ ಆಟದ ನೆಲ ಸಿದ್ಧವಾಯಿತು.

ಅತಿತಾ ಅವರು ಆಟಕ್ಕೆ ಬಂದದ್ದು ಈ ಕೂಟದ ಗೆಳೆಯರ ಮೂಲಕ. ಆಗ ಅವರಿಗೆ ಹತ್ತೊಂಬತ್ತು ವರ್ಷ. ಇತರ ದೇಶಗಳಲ್ಲಿ ಮಕ್ಕಳು ಆರೇಳು ವರ್ಷಕ್ಕೆ ಹಲಗೆ ಹತ್ತುತ್ತಾರೆ. ಹತ್ತೊಂಬತ್ತಕ್ಕೆ ಅಲ್ಲಿ ಅನೇಕರು ಉತ್ತುಂಗಕ್ಕೇರಿರುತ್ತಾರೆ. ಇವರು ಆರಂಭಿಸಿದ್ದೇ ಆಗ. ಸುತ್ತ ಇದ್ದವರೆಲ್ಲ ಹುಡುಗರು; ಹಲಗೆಯ ಮೇಲೆ ನಿಂತ ಹುಡುಗಿ ತಾವೊಬ್ಬರೇ. ಕಲಿಸುವ ಹಿರಿಯಳಿಲ್ಲ, ಜೊತೆಯಲ್ಲಿ ಬೀಳುವ ಗೆಳತಿಯಿಲ್ಲ. ಮೊದಲಿಗರಾಗುವುದರಲ್ಲಿ ಹೆಮ್ಮೆಯಿದ್ದೀತು, ಆದರೆ ಆ ಒಂಟಿತನದ ಲೆಕ್ಕವನ್ನು ಯಾರೂ ಇಡುವುದಿಲ್ಲ. ತಾವೊಬ್ಬರೇ ಇದ್ದೇವೆಂಬ ಈ ಕೊರತೆಯೇ ಅವರ ಮುಂದಿನ ಕೆಲಸಕ್ಕೆ ಬೀಜವಾಯಿತೆಂದು ನನಗೆ ತೋರುತ್ತದೆ.

ನೆಲ ಕಟ್ಟುವ ಕೆಲಸದಲ್ಲಿ ಅವರೂ ಕೈ ಹಾಕಿದರು. ಬೆಂಗಳೂರಿನ ಹೊರಗೆ ಭಾರತದ ಹಲವೆಡೆ ಇಂಥ ನೆಲಗಳು ಏಳುವಾಗ ದುಡಿದರು. ಈ ಕೆಲಸವನ್ನು ಹಗುರವೆಂದು ತಿಳಿಯಬಾರದು. ಬಾಗುಗೋಡೆ ಎಂದರೆ ವೃತ್ತದ ಒಂದು ತುಂಡು. ತ್ರಿಜ್ಯವನ್ನು ನಿಶ್ಚಯಿಸಿ, ಹಲಗೆಯನ್ನು ಆ ಬಾಗಿಗೆ ಸರಿಯಾಗಿ ಕತ್ತರಿಸಿ ಮಾದರಿ ಮಾಡಿಕೊಳ್ಳಬೇಕು. ಮಣ್ಣನ್ನು ಅದೇ ಬಾಗಿಗೆ ಗಟ್ಟಿಸಬೇಕು. ಅದರ ಮೇಲೆ ಕಬ್ಬಿಣದ ಸರಳುಗಳನ್ನು ಬಗ್ಗಿಸಿ ಹೆಣೆಯಬೇಕು. ಕಾಂಕ್ರೀಟಿಗೆ ನೀರು ಒಂದಿಷ್ಟು ಹೆಚ್ಚಾದರೆ ಇಳಿಜಾರಿನಲ್ಲಿ ಜಾರಿ ಕೆಳಗೆ ಗುಡ್ಡೆ ಬೀಳುತ್ತದೆ, ಕಡಿಮೆಯಾದರೆ ಮೈ ಒರಟಾಗುತ್ತದೆ. ಮಾದರಿಯ ಹಲಗೆಯಿಂದ ಕೆರೆದು, ಬಿಸಿಲೇರುವ ಮೊದಲೇ ಕರಣಿಯಿಂದ ಮತ್ತೆ ಮತ್ತೆ ಉಜ್ಜಿ ಕನ್ನಡಿಯಂತೆ ಮಾಡಬೇಕು. ಮೇಲಂಚಿಗೆ ಕಬ್ಬಿಣದ ಕೊಳವೆ ಕೂಡಿಸಬೇಕು. ನಯ ಮಾಡುವಾಗ ಬಿಟ್ಟ ಒಂದು ಉಬ್ಬು ನಾಳೆ ಯಾರದೋ ಮುಂಗೈ ಮುರಿಯುತ್ತದೆ. ನಮ್ಮ ಊರಿನ ಯಾವ ಗೌಂಡಿಯನ್ನು ಕೇಳಿದರೂ ಹೇಳಿಯಾನು: ನೇರ ಗೋಡೆಗೆ ತೂಕಗುಂಡು ಸಾಕು, ಬಾಗಿದ ಗೋಡೆಗೆ ಕಣ್ಣು ಬೇಕು. ನಮ್ಮ ಹೆಂಗಸರು ಕಟ್ಟಡ ಕೆಲಸಕ್ಕೆ ಹೊಸಬರಲ್ಲ. ಸಿಮೆಂಟಿನ ಬುಟ್ಟಿ ಹೊತ್ತು ಅಟ್ಟಣಿಗೆ ಹತ್ತುವವರು ಅವರೇ. ಆದರೆ ಕರಣಿ ಅವರ ಕೈಗೆ ಬರುವುದು ಅಪರೂಪ. ಕಟ್ಟಿದ ಮೇಲೆ ಅದರ ಮೇಲೆ ಆಡುವ ಹಕ್ಕು ಬರುವುದಂತೂ ಇನ್ನೂ ಅಪರೂಪ. ಅತಿತಾ ಅವರ ವಿಷಯದಲ್ಲಿ ಬುಟ್ಟಿ, ಕರಣಿ, ಹಲಗೆ ಮೂರೂ ಒಂದೇ ಕೈಗೆ ಬಂದವು.

೨೦೧೫ರಲ್ಲಿ ಅವರು 'ಗರ್ಲ್ ಸ್ಕೇಟ್ ಇಂಡಿಯಾ' ಎಂಬ ಸಂಘಟನೆಯನ್ನು ಆರಂಭಿಸಿದರು. ಉದ್ದೇಶ ಸರಳ: ಹುಡುಗಿಯರನ್ನು ಹಲಗೆಯ ಮೇಲೆ ನಿಲ್ಲಿಸುವುದು, ಅವರಿಗೆ ಕಲಿಸಲು ಹುಡುಗಿಯರೇ ಇರುವಂತೆ ನೋಡಿಕೊಳ್ಳುವುದು. ಹಲವು ದೇಶಗಳ ಆಟಗಾರ್ತಿಯರನ್ನು ಬರಮಾಡಿಕೊಂಡು ಭಾರತದೊಳಗೆ ಸಂಚಾರ ಮಾಡಿದರು, ಹೋದಲ್ಲೆಲ್ಲ ಮಕ್ಕಳಿಗೆ ಶಿಬಿರ ನಡೆಸಿದರು. ೨೦೧೮ರಲ್ಲಿ ವ್ಯಾನ್ಸ್ ಎಂಬ ಪಾದರಕ್ಷೆಯ ಕಂಪನಿ ಅವರನ್ನೂ ಅವರ ಕೂಟವನ್ನೂ ಕುರಿತ ಕಿರುಚಿತ್ರವನ್ನು ಹೊರತಂದಾಗ ಹೊರಗಿನ ಜಗತ್ತಿಗೂ ಹೆಸರು ತಿಳಿಯಿತು. ಕಂಪನಿಗಳು ಬಟ್ಟೆ ಬೂಟು ಮಾರುವುದಕ್ಕೇ ಇಂಥವಕ್ಕೆ ಹಣ ಸುರಿಯುತ್ತವೆ ಎಂಬ ಆಕ್ಷೇಪ ಸುಳ್ಳಲ್ಲ. ಪ್ಯಾಟಿ ಮೆಕ್‌ಗೀ ಕಾಲದಿಂದಲೂ ಈ ಆಟದ ವೃತ್ತಿ ಎಂದರೆ ಕಂಪನಿಯ ಆಶ್ರಯವೇ. ಹಿಂದೆ ಕವಿಗಳಿಗೆ ಅರಸರ ಆಶ್ರಯವಿರಲಿಲ್ಲವೆ? ಆಶ್ರಯದಾತನ ಹೊಗಳಿಕೆಯನ್ನು ಕಳೆದು ಉಳಿದ ಕಾವ್ಯವನ್ನು ಓದುವ ಅಭ್ಯಾಸ ನಮಗಿದೆ. ಇಲ್ಲಿಯೂ ಹಾಗೆಯೇ ನೋಡಿದರಾಯಿತು.

ಹುಡುಗಿಯರಿಗೇ ಪ್ರತ್ಯೇಕವಾಗಿ ಏಕೆ ಎಂಬ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು ನನ್ನ ತರಗತಿಯಲ್ಲಿ. ಒಮ್ಮೆ ಪದವಿ ವಿದ್ಯಾರ್ಥಿಗಳಿಗೆ 'ನನ್ನ ಮೆಚ್ಚಿನ ಆಟ' ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸಿದೆ. ಕಾಗುಣಿತ ತಿದ್ದುತ್ತ ಕುಳಿತವನಿಗೆ ಸ್ವಲ್ಪ ಹೊತ್ತಿನ ಮೇಲೆ ಒಂದು ವ್ಯಾಕರಣ ವಿಶೇಷ ಕಣ್ಣಿಗೆ ಬಿತ್ತು. ಹುಡುಗರು ವರ್ತಮಾನಕಾಲದಲ್ಲಿ ಬರೆದಿದ್ದರು: ಆಡುತ್ತೇನೆ, ಹೋಗುತ್ತೇವೆ, ಗೆಲ್ಲುತ್ತೇವೆ. ಹುಡುಗಿಯರು ಒಬ್ಬರೂ ತಪ್ಪದಂತೆ ಭೂತಕಾಲದಲ್ಲಿ ಬರೆದಿದ್ದರು: ಆಡುತ್ತಿದ್ದೆ, ಓಡುತ್ತಿದ್ದೆವು, ಕುಂಟೆಬಿಲ್ಲೆಯಲ್ಲಿ ನಾನೇ ಮುಂದಿದ್ದೆ. ಹದಿನೆಂಟು ಹತ್ತೊಂಬತ್ತರ ಮಕ್ಕಳು ಅವರು. ಅತಿತಾ ಅವರು ಆಟ ಆರಂಭಿಸಿದ ವಯಸ್ಸು ಅದು. ನಮ್ಮ ಹುಡುಗಿಯರಿಗೆ ಆಟ ನೆನಪಾಗಿ ಏಳೆಂಟು ವರ್ಷ ಕಳೆದಿರುವ ವಯಸ್ಸು. ಆ ಪ್ರಬಂಧಗಳಲ್ಲಿ ನಾನು ತಿದ್ದಬಹುದಾದ ಕ್ರಿಯಾಪದ ಒಂದೂ ಇರಲಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಹೆಣ್ಣು ನಕ್ಕರೆ, ಓಡಿದರೆ, ಮರ ಹತ್ತಿದರೆ ಗದರುವುದಕ್ಕೆ ಗಾದೆಗಳು ಸಿದ್ಧವಾಗಿವೆ. ಗಾಲಿಹಲಗೆ ಹತ್ತಿದವಳನ್ನು ಗದರುವುದಕ್ಕೆ ಗಾದೆ ಇನ್ನೂ ಹುಟ್ಟಿಲ್ಲ! ಇದು ಬರಿಯ ಚಮತ್ಕಾರದ ಮಾತಲ್ಲ. ಕಾಬೂಲಿನಲ್ಲಿ ೨೦೦೭ರಲ್ಲಿ ಆಸ್ಟ್ರೇಲಿಯದ ಆಲಿವರ್ ಪರ್ಕೊವಿಚ್ ಎಂಬಾತ ಹಲಗೆಯೊಡನೆ ಬೀದಿಗಿಳಿದಾಗ ಮಕ್ಕಳು ಮುತ್ತಿಕೊಂಡರು. ಅವರಲ್ಲಿ ಹುಡುಗಿಯರೂ ಇದ್ದರು. ಅಲ್ಲಿ ಹುಡುಗಿಯರು ಸೈಕಲ್ ಹತ್ತುವುದು ಸಲ್ಲದು; ಗಾಲಿಹಲಗೆಯನ್ನು ಯಾರೂ ಹಿಂದೆ ಕಂಡಿರಲಿಲ್ಲವಾದ್ದರಿಂದ ಅದನ್ನು ನಿಷೇಧಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆ ಸಂದಿನಲ್ಲಿಯೇ 'ಸ್ಕೇಟಿಸ್ತಾನ್' ಎಂಬ ಶಾಲೆ ಬೆಳೆಯಿತು. ಅಲ್ಲಿನ ಹುಡುಗಿಯರನ್ನು ಕುರಿತ ಸಾಕ್ಷ್ಯಚಿತ್ರಕ್ಕೆ ೨೦೨೦ರಲ್ಲಿ ಆಸ್ಕರ್ ಪ್ರಶಸ್ತಿ ಬಂತು. ೨೦೨೧ರ ಆಗಸ್ಟಿನಲ್ಲಿ ತಾಲಿಬಾನ್ ಮರಳಿತು, ಹುಡುಗಿಯರಿಗೆ ಆ ಬಾಗಿಲು ಮುಚ್ಚಿಹೋಯಿತು. ಹೊಸ ಆಟಕ್ಕಿರುವ ಸ್ವಾತಂತ್ರ್ಯ ಅದು ಹೊಸದಾಗಿರುವವರೆಗೆ ಮಾತ್ರ.

ಭಾರತದಲ್ಲಿ ಅದೇ ಕಾಲಕ್ಕೆ ಇನ್ನೂ ಕೆಲವೆಡೆ ಚಿಗುರೊಡೆಯಿತು. ಇವೆಲ್ಲವನ್ನೂ ಅತಿತಾ ಅವರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಒಂದು ಮಳೆಗೆ ಹಲವು ಹೊಲ ಹಸುರಾದಂತೆ ಎಂದರೆ ಸಾಕು. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಎಂಬ ಹಳ್ಳಿಯಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಎಂಬಾಕೆ ೨೦೧೫ರಲ್ಲಿ ಆಟದ ನೆಲ ಕಟ್ಟಿಸಿದರು. ಅಲ್ಲಿನ ಕಟ್ಟಳೆಗಳು ಎರಡೇ: ಶಾಲೆಗೆ ಹೋಗದವರಿಗೆ ಹಲಗೆಯಿಲ್ಲ, ಹುಡುಗಿಯರಿಗೆ ಮೊದಲ ಸರದಿ. ಒಂದೇ ಬಾವಿಯ ಬಳಿ ನಿಲ್ಲದ ಜಾತಿಗಳ ಮಕ್ಕಳು ಒಂದೇ ಬೋಗುಣಿಯಲ್ಲಿ ಆಡತೊಡಗಿದರು. ಆ ಹಳ್ಳಿಯ ಗೊಂಡ ಬುಡಕಟ್ಟಿನ ಹುಡುಗಿ ಆಶಾ ಗೊಂಡ್ ೨೦೧೮ರಲ್ಲಿ ಚೀನದ ನಾನ್‌ಜಿಂಗಿನಲ್ಲಿ ನಡೆದ ಜಾಗತಿಕ ಪಂದ್ಯದಲ್ಲಿ ಭಾರತದ ಪರವಾಗಿ ಆಡಿ ಬಂದಳು. ತಮಿಳುನಾಡಿನ ಮಹಾಬಲಿಪುರದಲ್ಲಿ ಕಮಲಿ ಮೂರ್ತಿ ಎಂಬ ಬಾಲೆ ಬರಿಗಾಲಿನಲ್ಲಿ, ಲಂಗದಲ್ಲಿ ಹಲಗೆ ಓಡಿಸುತ್ತಿದ್ದ ಚಿತ್ರವನ್ನು ಈ ಆಟದ ಜಗತ್ಪ್ರಸಿದ್ಧ ಟೋನಿ ಹಾಕ್ ಹಂಚಿಕೊಂಡು ಲಕ್ಷಾಂತರ ಜನರ ಕಣ್ಣಿಗೆ ಮುಟ್ಟಿಸಿದ. ಅವಳನ್ನೂ ಒಂಟಿಯಾಗಿ ಅವಳನ್ನು ಸಾಕಿದ ತಾಯಿಯನ್ನೂ ಕುರಿತ 'ಕಮಲಿ' ಎಂಬ ಕಿರುಚಿತ್ರ ಬ್ರಿಟಿಷ್ ಪ್ರಶಸ್ತಿಯ ಕೊನೆಯ ಸುತ್ತಿನವರೆಗೆ ಹೋಯಿತು. ೨೦೨೧ರಲ್ಲಿ ಬಂದ 'ಸ್ಕೇಟರ್ ಗರ್ಲ್' ಎಂಬ ಚಲನಚಿತ್ರಕ್ಕಾಗಿ ರಾಜಸ್ಥಾನದ ಖೇಮ್‌ಪುರದಲ್ಲಿ ನಿಜವಾದ ಆಟದ ನೆಲವನ್ನೇ ಕಟ್ಟಿದರು. ಚಿತ್ರೀಕರಣ ಮುಗಿದ ಮೇಲೆ ಅದನ್ನು ಕೆಡವದೆ ಊರ ಮಕ್ಕಳಿಗೆ ಬಿಟ್ಟರು. ಚಿತ್ರಕ್ಕಿಂತ ಆ ನೆಲವೇ ಹೆಚ್ಚಿನ ಕೊಡುಗೆಯೆಂದು ನನ್ನ ಮತ.

೨೦೨೧ರ ಜುಲೈ ೨೬ರಂದು ಟೋಕಿಯೊದಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸಿನಲ್ಲಿ ಹೆಣ್ಣುಮಕ್ಕಳ ಬೀದಿ ಸ್ಕೇಟ್‌ಬೋರ್ಡ್ ಪಂದ್ಯ ನಡೆಯಿತು. ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ೧೩ ವರ್ಷ. ಬೆಳ್ಳಿ ಗೆದ್ದ ಬ್ರೆಜಿಲಿನ ರೈಸಾ ಲಿಯಾಲ್‌ಗೂ ೧೩. ಕಂಚು ಗೆದ್ದ ಫೂನಾ ನಾಕಾಯಾಮಾಗೆ ೧೬. ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳ ಆಟ ನಿಂತುಹೋಗುವ ವಯಸ್ಸಿನಲ್ಲಿ ಅವರು ಪದಕದ ಕಟ್ಟೆ ಹತ್ತಿ ನಿಂತಿದ್ದರು.

ಇಷ್ಟಾದರೂ ಒಂದು ಸಂಗತಿಯನ್ನು ಮುಚ್ಚಿಡಬಾರದು. ಈ ಆಟ ನಮ್ಮ ನಾಡಿನಲ್ಲಿ ಇನ್ನೂ ಬಹುಮಟ್ಟಿಗೆ ಬೆಂಗಳೂರಿನದು, ಅಲ್ಲಿಯೂ ಇಂಗ್ಲಿಷ್ ಬಲ್ಲವರದು. ಒಳ್ಳೆಯ ಹಲಗೆಗೆ ಕೆಲವು ಸಾವಿರ ರೂಪಾಯಿ ಬೇಕು. ದಿನಗೂಲಿಯವರ ಮಗಳಿಗೆ ಅದು ಕನಸಿನ ಮಾತು. ಅತಿತಾ ಅವರ ಶಿಬಿರಗಳು ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಸೀಮೆಗೆ ಬಂದು, ಸಿಂಧನೂರಿನ ಒಬ್ಬ ಹುಡುಗಿ ಹಲಗೆ ಹತ್ತುವ ದಿನ ಬಂದಾಗ ಅವರ ಪ್ರಭಾವದ ಬೆಲೆಯನ್ನು ಸರಿಯಾಗಿ ಕಟ್ಟಲು ಬಂದೀತು. ಸರಕಾರಿ ಶಾಲೆಯ ಕ್ರೀಡಾಕೊಠಡಿಗಳಲ್ಲಿ ಗುಂಡು, ಚಕ್ರ, ಹಗ್ಗಗಳ ಜೊತೆಗೆ ನಾಲ್ಕು ಗಾಲಿಹಲಗೆ ಇದ್ದರೆ ಒಂದು ಶಾಲೆಗೆ ಸರದಿಯ ಮೇಲೆ ಸಾಕು.

ನೆಲದ ಪ್ರಶ್ನೆ ನಮ್ಮಲ್ಲಿ ಅಷ್ಟು ಕಠಿಣವಲ್ಲ. ಎಡದಂಡೆ ಕಾಲುವೆ ಬಂದಾಗಿನಿಂದ ಈ ಭಾಗ ಭತ್ತದ ಕಣಜವಾಗಿದೆ; ಭತ್ತ ಒಣಗಿಸಲು ಹಾಸಿದ ಸಿಮೆಂಟಿನ ಕಣಗಳು ಸುಗ್ಗಿ ಮುಗಿದ ಮೇಲೆ ಬರಿದಾಗಿ ಬಿದ್ದಿರುತ್ತವೆ. ಓಣಿಗಳಿಗೆ ಕಾಂಕ್ರೀಟು ರಸ್ತೆ ಬಂದಿದೆ. ಬಾಗುಗೋಡೆಯ ಬೋಗುಣಿ ಆಮೇಲೆ ಆದರೂ ಆದೀತು. ಮುಲ್ಲನ್ನನಿಗೆ ಸಾಕಾದದ್ದು ಒಂದು ಕೊಠಡಿಯ ನೆಲ. ಮೊದಲ ಪಾಠಗಳಿಗೆ ಸಮತಟ್ಟಾದ ಒಂದು ಕಣ ಸಾಕು, ಮೊಣಕಾಲು ಮೊಣಕೈಗೆ ಕಟ್ಟಲ್ಪಟ್ಟ ಮೆತ್ತೆಗಳು, ತಲೆಗೆ ಶಿರಸ್ತ್ರಾಣ, ಕೈ ಹಿಡಿದು ನಡೆಸಲು ಒಬ್ಬಳು ಅಕ್ಕ. ಬಿಸಿಲಿನದೊಂದು ತೊಡಕಿದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಸಿಮೆಂಟು ಹಂಚಿನಂತೆ ಕಾಯುವುದರಿಂದ ಬೆಳಗಿನ ಎಂಟರೊಳಗೆ ಇಲ್ಲವೆ ಸಂಜೆ ಆರರ ಮೇಲೆ ಆಡಬೇಕಾದೀತು. ಬೆಳಗಿನ ಹೊತ್ತು ಹುಡುಗಿಯರ ಪಾಲಿಗೆ ನೀರು, ಕಸ, ರೊಟ್ಟಿಗಳ ಹೊತ್ತು. ಸಂಜೆ ಆರರ ಮೇಲೆ ಅವರನ್ನು ಹೊರಗೆ ಬಿಡುವ ಮನೆಗಳು ಎಷ್ಟಿದ್ದಾವು ಎಂಬುದನ್ನು ಓದುಗರೇ ತಮ್ಮ ತಮ್ಮ ಓಣಿಯಲ್ಲಿ ಎಣಿಸಿ ನೋಡಬಹುದು.